ದಲ್ಲಾಳಿಯ ಕಮಿಷನ್ನಿನಲ್ಲಿ ಕೊಳ್ಳುವವನ ಪಾಲು

ಮನೆಯನ್ನೋ ನಿವೇಶನವನ್ನೋ ಕೊಳ್ಳುವವರು ದಲ್ಲಾಳಿಗೆ ಸಲ್ಲುವ ಕಮಿಷನ್ನಿನಲ್ಲಿ ಒಂದಂಶವನ್ನು ತಮಗೇ ಹಿಂದಿರುಗಿಸಬೇಕೆಂದು ಕೇಳುವ ರೂಢಿ ಇಂದು ದೊಡ್ಡ ನಗರಗಳಿಗೆ ಮಾತ್ರ ಸೀಮಿತವಾಗಿಲ್ಲ. 2017ರಲ್ಲಿ ಬೆಂಗಳೂರು-ಹಾಸನ ನೇರ ರೈಲುಮಾರ್ಗ ತೆರೆದಿತು. ರಾಷ್ಟ್ರೀಯ ಹೆದ್ದಾರಿಯೂ ಚನ್ನರಾಯಪಟ್ಟಣದ ಮೂಲಕವೇ ಹಾಸನವನ್ನು ಸೇರುತ್ತದೆ. ಹೀಗೆ ಸಮೀಪವಾದ ಊರುಗಳಿಗೆ ನಗರದ ಕೊಳ್ಳುಗರೊಡನೆ ನಗರದ ವ್ಯವಹಾರಕ್ರಮವೂ ಬರುತ್ತದೆ. ಹೊಳೆನರಸೀಪುರ, ಅರಕಲಗೂಡಿನಂಥ ಊರುಗಳಲ್ಲಿ ಪರಿಚಿತನೊಬ್ಬನ ಬಾಯಿಮಾತಿನ ಮೇಲೆಯೇ ಹಳೆಯ ಮನೆಗಳು ಕೈ ಬದಲಾಯಿಸುವುದುಂಟು. ಅಲ್ಲಿ ಈ ಪ್ರಶ್ನೆ ಹಣದ್ದಷ್ಟೇ ಅಲ್ಲ, ನಂಬಿಕೆಯದೂ ಆಗಿದೆ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಕೊಡುವ ಹಣ ತನ್ನದಾದುದರಿಂದ ರಿಯಾಯಿತಿ ಕೇಳುವುದು ಕೊಳ್ಳುವವನ ಹಕ್ಕು ಎಂಬುದು ಒಂದು. ದುಡಿದವನ ಸಂಪಾದನೆಗೆ ಕೈಚಾಚುವುದು ಅಧರ್ಮವೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದ್ದರೂ ಎರಡೂ ಅಪೂರ್ಣ. ಎಷ್ಟು ಹಣ ಹಿಂದಿರುಗಿತು ಎಂಬುದಕ್ಕಿಂತ, ಅದು ಯಾವಾಗ ಕೇಳಲ್ಪಟ್ಟಿತು, ಯಾರಿಗೆ ತಿಳಿದಿತ್ತು ಎಂಬುದರಲ್ಲಿ ಧರ್ಮಾಧರ್ಮದ ನಿರ್ಣಯವಿದೆ.

ಮೊದಲು ಲಾಭನಷ್ಟದ ಲೆಕ್ಕವನ್ನೇ ನೋಡಬಹುದು. ನಲವತ್ತು ಲಕ್ಷ ರೂಪಾಯಿಯ ಮನೆಗೆ ಕೊಳ್ಳುವವನು ಶೇ. 2ರಂತೆ ಕೊಡಬೇಕಾದುದು 80,000 ರೂ. ಅದರಲ್ಲಿ ಅರ್ಧ ಹಿಂದಿರುಗಿದರೆ ಅವನಿಗೆ ಉಳಿಯುವುದು 40,000 ರೂ. ಅದೇ ದಲ್ಲಾಳಿ ಮಾಲೀಕನೊಡನೆ ಶ್ರದ್ಧೆಯಿಂದ ಮಾತನಾಡಿ ಬೆಲೆಯನ್ನು ಒಂದು ಲಕ್ಷ ಇಳಿಸಿದ್ದರೆ, ಕೊಳ್ಳುವವನಿಗೆ ಲಕ್ಷ ರೂಪಾಯಿ ಉಳಿಯುತ್ತಿತ್ತು. ದಲ್ಲಾಳಿಗೆ ಅವನಿಂದ ಬರುವುದರಲ್ಲಿ ಕಡಿಮೆಯಾಗುತ್ತಿದ್ದುದು 2,000 ರೂ. ಮಾತ್ರ. ಅರ್ಧ ಕಮಿಷನ್ ಕಳೆದುಕೊಳ್ಳಬೇಕೆಂದು ತಿಳಿದವನು ಆ ಶ್ರಮವನ್ನೇಕೆ ವಹಿಸಿಯಾನು? ಖಾತೆ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶಗಳನ್ನು ಹುಡುಕಿ ತರುವ ಆಸಕ್ತಿಯೂ ಅವನಲ್ಲಿ ಕುಂದೀತು. ಅವನು ಮಾರುವವನಿಂದಲೂ ಕಮಿಷನ್ ಪಡೆಯುತ್ತಿದ್ದರಂತೂ ಅವನ ಮನಸ್ಸು ಎತ್ತ ವಾಲೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕಾನೂನು ಇಲ್ಲಿ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಕಾರ ನೋಂದಣಿ ಅಗತ್ಯವಿರುವ ಬಡಾವಣೆ ಮತ್ತು ವಸತಿ ಸಮುಚ್ಚಯಗಳ ಮಾರಾಟದಲ್ಲಿ ತೊಡಗುವ ಏಜೆಂಟನು ನೋಂದಾಯಿಸಿಕೊಳ್ಳಬೇಕು, ಲೆಕ್ಕಪತ್ರಗಳನ್ನು ಇಡಬೇಕು. ಆದರೆ ಆ ಕಾಯಿದೆ ಕಮಿಷನ್ನಿನ ದರವನ್ನು ಗೊತ್ತುಪಡಿಸಿಲ್ಲ. ಪೇಟೆಬೀದಿಯ ಹಳೆಯ ಮನೆಯ ಮಾರಾಟ ಅದರ ವ್ಯಾಪ್ತಿಗೂ ಬರುವುದಿಲ್ಲ. ಇನ್ನು 1872ರ ಕರಾರು ಕಾಯಿದೆಯ 216ನೆಯ ಪ್ರಕರಣದಂತೆ, ಒಡೆಯನಿಗೆ ತಿಳಿಸದೆ ಅವನ ವ್ಯವಹಾರವನ್ನು ಸ್ವಂತದ್ದಾಗಿ ನಡೆಸಿ ಏಜೆಂಟನು ಪಡೆದ ಲಾಭವನ್ನು ಒಡೆಯನು ತನ್ನದೆಂದು ಕೇಳಬಹುದು. ಅಮೆರಿಕದಲ್ಲಿಯೂ ರಿಯಲ್ಟರುಗಳ ರಾಷ್ಟ್ರೀಯ ಸಂಘವು ಮೊಕದ್ದಮೆಗಳ ರಾಜಿಯಂತೆ 2024ರ ಆಗಸ್ಟ್ 17ರಿಂದ ತನ್ನ ನಿಯಮಗಳನ್ನು ಬದಲಿಸಿತು. ಮನೆಯನ್ನು ತೋರಿಸುವ ಮೊದಲೇ ತನ್ನ ಪ್ರತಿಫಲವನ್ನು ಕೊಳ್ಳುವವನೊಡನೆ ಬರೆದುಕೊಳ್ಳುವುದು ಏಜೆಂಟನಿಗೆ ಅಗತ್ಯವಾಯಿತು. ಅಷ್ಟು ದೊಡ್ಡ ಪೇಟೆಯೂ ಕೊನೆಗೆ ತಲುಪಿದ್ದು ಮುಂಚಿತವಾಗಿ ಹೇಳಿ ಬರೆದಿಡುವ ಸರಳ ನೀತಿಗೇ.

ಶ್ರಾವಕನಿಗೆ ಈ ನೀತಿ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ಪೈಕಿ ನ್ಯಾಸಾಪಹಾರವೂ ಒಂದು. ಒತ್ತೆಯಿಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದು ಅದರ ಲಕ್ಷಣ. ಅಲ್ಲಿ ಯಾರೂ ಬೀಗ ಮುರಿಯುವುದಿಲ್ಲ. ಹೇಳಬೇಕಾದುದನ್ನು ಹೇಳದಿರುವುದೇ ದೋಷ. ಆದುದರಿಂದಲೇ ಅದು ಅಚೌರ್ಯದ ಕೆಳಗಲ್ಲ, ಸತ್ಯದ ಕೆಳಗೆ ಬಂದಿದೆ. ಎರಡೂ ಕಡೆಯ ಕಮಿಷನ್ನನ್ನು ಮುಚ್ಚಿಡುವ ದಲ್ಲಾಳಿಗೆ ಈ ಮಾತು ಅನ್ವಯಿಸುತ್ತದೆ. ಪೂರ್ಣ ಕಮಿಷನ್ ಕೊಡುವೆನೆಂದು ಓಡಾಡಿಸಿ, ನೋಂದಣಿ ಮುಗಿದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಲ್ಲಿ ಅರ್ಧಕ್ಕೆ ಇಳಿಸುವವನೂ ಅದೇ ಕುಲದವನು. ಮುಗಿದ ಕೆಲಸದ ಕೂಲಿಯನ್ನು ಕಡಿಯುವುದು ವ್ಯಾಪಾರದ ಜಾಣ್ಮೆಯಲ್ಲ.

ಇದರ ತೀಕ್ಷ್ಣ ಪರೀಕ್ಷೆ ನಡೆಯುವುದು ಧರ್ಮಸಂಸ್ಥೆಗಳಲ್ಲಿ. ಬಸದಿಗೋ ಯಾತ್ರಿಕರ ವಸತಿಗೃಹಕ್ಕೋ ಜಾಗ ಕೊಳ್ಳುವಾಗ ವಿಶ್ವಸ್ತನೊಬ್ಬನ ಕೈಗೆ ದಲ್ಲಾಳಿಯಿಂದ ‘ಪಾಲು’ ಬಂದರೆ, ಅದು ರಿಯಾಯಿತಿಯಲ್ಲ. ಹಣ ಸಮಾಜದ್ದು, ಆ ಹಣದಿಂದ ಹಿಂದಿರುಗಿದ ಪ್ರತಿ ರೂಪಾಯಿಯೂ ಸಮಾಜದ್ದೇ. 1882ರ ನ್ಯಾಸ ಕಾಯಿದೆಯ 51ನೆಯ ಪ್ರಕರಣವು ನ್ಯಾಸದ ಸ್ವತ್ತನ್ನು ವಿಶ್ವಸ್ತನು ತನ್ನ ಲಾಭಕ್ಕೆ ಬಳಸಬಾರದೆನ್ನುತ್ತದೆ. ಆ ಕಾಯಿದೆ ಖಾಸಗಿ ನ್ಯಾಸಗಳಿಗೆ ಸಂಬಂಧಿಸಿದ್ದಾದರೂ, ದೇವರ ಹಣಕ್ಕೆ ಅದಕ್ಕಿಂತ ಸಡಿಲವಾದ ನಿಯಮವನ್ನು ಯಾವ ಶ್ರಾವಕನೂ ಬಯಸಲಾರ. ಇಲ್ಲಿ ‘ನ್ಯಾಸ’ ಎಂಬ ಕಾನೂನಿನ ಪದವೂ ‘ನ್ಯಾಸಾಪಹಾರ’ವೆಂಬ ವ್ರತದ ಪದವೂ ಒಂದೇ ಬೇರಿನವು ಎಂಬುದು ಗಮನಾರ್ಹ. ದಲ್ಲಾಳಿ ಬಿಟ್ಟುಕೊಟ್ಟ ಹಣ ಸಂಸ್ಥೆಯ ಜಮಾಖರ್ಚಿನಲ್ಲಿ ಕಾಣಬೇಕು. ಸಭೆಯ ನಡಾವಳಿಯಲ್ಲಿ ದಲ್ಲಾಳಿಯ ಹೆಸರು, ದರ, ಬೇರೆ ಯಾರಿಂದ ಅವನಿಗೆ ಹಣ ಬಂದಿತೆಂಬುದು ದಾಖಲಾಗಬೇಕು.

ಹಾಗೆಂದು ಚೌಕಾಶಿಯೇ ನಿಷಿದ್ಧವೆಂದಲ್ಲ. ಬಾಗಿಲು ತೋರಿಸಿದುದಕ್ಕಷ್ಟೇ ಎಂಬತ್ತು ಸಾವಿರ ಹೆಚ್ಚೆನಿಸಿದರೆ, ಮನೆ ನೋಡುವ ಮೊದಲೇ ದರವನ್ನು ಶೇ. 1ಕ್ಕೆ ಇಳಿಸುವಂತೆ ಕೇಳುವುದು ನ್ಯಾಯವೇ. ಒಪ್ಪದಿರುವ ಸ್ವಾತಂತ್ರ್ಯ ದಲ್ಲಾಳಿಗೂ ಇದೆ. ಒಪ್ಪಿದ ದರವನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆದರೆ ವಿವಾದಕ್ಕೆ ಎಡೆಯಿರದು. ಮಾರುವವನೂ ಕೊಳ್ಳುವವನೂ ದಲ್ಲಾಳಿಯೂ ಒಂದೇ ಜಗಲಿಯಲ್ಲಿ ಕುಳಿತಾಗ ಗಟ್ಟಿಯಾಗಿ ಹೇಳಬಹುದಾದ ರಿಯಾಯಿತಿ ಶುದ್ಧವಾದುದು. ಕಿವಿಯಲ್ಲಿ ಮಾತ್ರ ಹೇಳಬಹುದಾದದ್ದನ್ನು ಬಿಡುವುದೇ ಲೇಸು.