ನೋವಿನ ಪರಿಹಾರವೂ ದೇವರ ನ್ಯಾಯವೂ: ಮುತಜಿಲರ ಬೋಧನೆಯ ಪರಾಮರ್ಶೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಸಭಾಪಾಲನೆ ಮಾಡುವವರಿಗೆ ಫ್ಲೋರೈಡ್ ಎಂಬ ಮಾತು ಹೊಸದಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದವು. ಆ ನೀರು ಅನೇಕ ಗ್ರಾಮಗಳಲ್ಲಿ ಮಕ್ಕಳ ಹಲ್ಲುಗಳನ್ನು ಕಂದಿಸಿತು, ಹಿರಿಯರ ಕೀಲುಗಳನ್ನು ಬಿಗಿಸಿತು. ಆ ಮಗು ಮಾಡಿದ ಅಪರಾಧವೇನು? ನಮ್ಮ ನೆರೆಯ ಮುಸಲ್ಮಾನರ ದೇವಶಾಸ್ತ್ರದಲ್ಲಿ ಈ ಪ್ರಶ್ನೆಯಿಂದ ಹಿಂಜರಿಯದವರು ಬಸ್ರಾ ಮತ್ತು ಬಾಗ್ದಾದಿನ ಮುತಜಿಲರು. ಇಲ್ಲಿನ ಮುಸಲ್ಮಾನರಲ್ಲಿ ಬಹುಮಂದಿ ಹನಫಿಗಳು, ಮುತಜಿಲರಲ್ಲ. ಈ ಭೇದವನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಒಳಿತು ಕೆಡುಕುಗಳನ್ನು ಬುದ್ಧಿಯೇ ತಿಳಿಯಬಲ್ಲದು, ದೇವರು ಅನ್ಯಾಯವನ್ನು ಮಾಡನು, ಮನುಷ್ಯನ ಕೃತ್ಯಕ್ಕೆ ಮನುಷ್ಯನೇ ಕರ್ತನು ಎಂಬುದು ಅವರ ನಿಲುವು. ಇಹದಲ್ಲಿಯೂ ಧರ್ಮದಲ್ಲಿಯೂ ಮನುಷ್ಯನಿಗೆ ಅತ್ಯಂತ ಹಿತವಾದುದನ್ನು ಮಾಡುವುದು ದೇವರಿಗೆ ಕರ್ತವ್ಯವೆಂದು ಬಾಗ್ದಾದಿನವರು ಹೇಳಿದರೆ, ಬಸ್ರಾದವರು ಅದನ್ನು ಧರ್ಮವಿಷಯಕ್ಕೆ ಮಿತಿಗೊಳಿಸಿದರು. ನಿರಪರಾಧಿಯ ನೋವಿಗೆ ದೇವರು 'ಇವಜ್' ಕೊಡುವನು, ಅಂದರೆ ಪರಿಹಾರ. ನಮ್ಮ ಹಳೆಯ ಲೆಕ್ಕಪತ್ರಗಳ 'ಐವಜು' ಇದೇ ಪದ.

ಪರಿಹಾರವೊಂದೇ ಸಾಕೆಂದು ಅಬು ಅಲಿ ಅಲ್-ಜುಬ್ಬಾಯಿ ಬೋಧಿಸಿದನು. ಅವನ ಮಗ ಅಬು ಹಾಶಿಮ್ (ಮರಣ 933) ಒಪ್ಪಲಿಲ್ಲ. ಅಬ್ದುಲ್ ಜಬ್ಬಾರನೂ (ಮರಣ 1025) ಮಗನ ಪಕ್ಷವನ್ನೇ ಹಿಡಿದನು. ಈ ಪಂಥದವರು ಕೊಡುವ ದೃಷ್ಟಾಂತ ಬರಗಾಲದ ಸೀಮೆಯವರಿಗೆ ಚೆನ್ನಾಗಿ ತಿಳಿಯುತ್ತದೆ: ಒಬ್ಬನನ್ನು ಕೂಲಿಗೆ ಕರೆದು, ಯಾವ ಉದ್ದೇಶವೂ ಇಲ್ಲದೆ ನೀರನ್ನು ಒಂದೆಡೆಯಿಂದ ಮೊಗೆದು ಇನ್ನೊಂದೆಡೆ ಸುರಿಯಿಸಿದರೆ, ಪೂರ್ತಿ ಕೂಲಿ ಕೊಟ್ಟರೂ ಆ ಕೆಲಸ ವ್ಯರ್ಥವೇ. ಆದ್ದರಿಂದ ನೋವು ಯಾರಿಗಾದರೂ ಎಚ್ಚರಿಕೆಯ ಪಾಠವೂ ಆಗಿರಬೇಕು.

ಇಲ್ಲಿಯೇ ನಾವು ಅವರಿಂದ ಬೇರೆಯಾಗುತ್ತೇವೆ. ಒಂದು ಮಗುವಿನ ಮೂಳೆ ಇನ್ನೊಬ್ಬರ ಪಾಠಕ್ಕೆ ಸಾಧನವಾಗಬಹುದೇ? ಯೋಬನ ಗ್ರಂಥವು ಈ ಲೆಕ್ಕವನ್ನು ಮೌನವಾಗಿ ಪ್ರಶ್ನಿಸುತ್ತದೆ. ಕೊನೆಯಲ್ಲಿ ಅವನ ಕುರಿಗಳು 7000ದಿಂದ 14000 ಆದವು. ಮಕ್ಕಳಾದರೋ ಮೊದಲಿನಂತೆಯೇ ಏಳು ಗಂಡು, ಮೂರು ಹೆಣ್ಣು. ಸತ್ತವರಿಗೆ ಇಮ್ಮಡಿಯಿಲ್ಲ. ಆದರೂ ಇದನ್ನು ಬರೆಯುವಾಗ ನಮಗೆ ಅಳುಕಿದೆ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದ ಹುಟ್ಟುಕುರುಡನ ವಿಷಯದಲ್ಲಿ ನಮ್ಮ ಪ್ರಸಂಗಿಗಳು ಹೇಳುವುದು ಅಬು ಹಾಶಿಮನ ವಾದಕ್ಕೆ ತೀರ ಸಮೀಪದ್ದು.

ಅವರ ಬೋಧನೆಯ ನಿಜವಾದ ಬಲ ಬೇರೆಡೆಯಿದೆ. ಮನುಷ್ಯನು ಮಾಡಿದ ನೋವಿಗೆ ಪರಿಹಾರವು ದೇವರ ಭಂಡಾರದಿಂದ ಬರುವುದಿಲ್ಲ. ದೇವರು ಅದನ್ನು ನೋಯಿಸಿದವನ ಪಾಲಿನಿಂದಲೇ ತೆಗೆದು ನೊಂದವನಿಗೆ ಕೊಡುವನು. ಬಂಡೆಯಲ್ಲಿ ಫ್ಲೋರೈಡ್ ಇರುವುದು ಮನುಷ್ಯನ ಕೃತ್ಯವಲ್ಲ. ಕೆರೆಯನ್ನು ಒತ್ತುವರಿ ಮಾಡಿದ್ದು, ನೀರಿನ ಪರೀಕ್ಷೆಯನ್ನು ಮುಂದೂಡಿದ್ದು, ಶುದ್ಧೀಕರಣ ಘಟಕ ಕೆಟ್ಟುನಿಂತಾಗ ಸುಮ್ಮನಿದ್ದದ್ದು ಮನುಷ್ಯನ ಕೃತ್ಯ. ಅಂಥ ಮನೆಯ ಭೇಟಿಯಲ್ಲಿ ನಾವು 'ದೇವರ ಚಿತ್ತ' ಎಂದು ಪ್ರಾರ್ಥಿಸಿ ಎದ್ದುಬಂದಾಗ, ಮನುಷ್ಯರ ಖಾತೆಯ ಸಾಲವನ್ನು ದೇವರ ಹೆಸರಿಗೆ ಬರೆದುಬಂದಿರುತ್ತೇವೆ. ಮುತಜಿಲರು ಇದನ್ನು ದೇವದೂಷಣೆಯೆಂದೇ ಕರೆಯುತ್ತಿದ್ದರು. ಅವರ ಮಾತಿಗೆ ನಮ್ಮಲ್ಲಿ ಪ್ರತ್ಯುತ್ತರವಿಲ್ಲ.