ಅಲ್ಯೂಮಿನಿಯಂ ಆರ್ಮ್ ಬಿಚ್ಚಿಡಿ, ನೀರು ಕುದಿಯಲು ಇಡಿ

ಆರ್‌ಸಿ (ರೇಡಿಯೋ ನಿಯಂತ್ರಿತ) ಬಗ್ಗಿಗಳ ಟೈಟಾನಿಯಂ ಸ್ಕ್ರೂಗಳ ಬಗ್ಗೆ ಬರೆಯುತ್ತೇನೆಂದು ಕಳೆದ ವಾರ ಮಾತು ಕೊಟ್ಟಿದ್ದೆ. ಮೊದಲು ಅದನ್ನು ಮುಗಿಸುತ್ತೇನೆ. ಉಕ್ಕಿನ ಸಾಂದ್ರತೆ 7.85, ಗ್ರೇಡ್ 5 ಟೈಟಾನಿಯಂನದು 4.43. ಹತ್ತು ಗ್ರಾಂ ಉಕ್ಕಿನ ಸ್ಕ್ರೂ ತೆಗೆದು ಟೈಟಾನಿಯಂ ಹಾಕಿದರೆ ಉಳಿಯುವುದು ನಾಲ್ಕು ಗ್ರಾಂ ಚಿಲ್ಲರೆ. ಶಾಕ್ ಟವರ್, ವಿಂಗ್ ಮೌಂಟ್‌ನಂಥ ಎತ್ತರದ ಜಾಗಗಳಲ್ಲಿ ಖಂಡಿತ ಹಾಕಿ, ಗುರುತ್ವಕೇಂದ್ರ ಕೆಳಗಿಳಿಯುತ್ತದೆ. ಎಂಜಿನ್ ಮೌಂಟಿನಲ್ಲಿ ಮಾತ್ರ 12.9 ದರ್ಜೆಯ ಉಕ್ಕೇ ಇರಲಿ, ಎಳೆತ ತಡೆಯುವ ಶಕ್ತಿ ಅದಕ್ಕೇ ಹೆಚ್ಚು. ಸ್ಕ್ರೂ ಪುರಾಣ ಇಷ್ಟೇ.

ನನ್ನನ್ನು ನಿಜಕ್ಕೂ ಕಾಡುವುದು ಅಲ್ಯೂಮಿನಿಯಂ ಸಸ್ಪೆನ್ಷನ್ ಆರ್ಮ್. ಹೊಸ ಬಗ್ಗಿ ತಂದವರು ಮೊದಲು ಮಾಡುವ ಕೆಲಸವೇ ಕಿಟ್‌ನ ಪ್ಲಾಸ್ಟಿಕ್ ಆರ್ಮ್ ಬಿಚ್ಚಿ ನೀಲಿ, ಕೆಂಪು ಬಣ್ಣದಲ್ಲಿ ಹೊಳೆಯುವ ಲೋಹದ್ದನ್ನು ಕೂರಿಸುವುದು. ಗಟ್ಟಿ ಅಂತ ನಂಬಿಕೆ. ಆದರೆ ಅಲ್ಯೂಮಿನಿಯಂ ಸಾಂದ್ರತೆ 2.7, ನೈಲಾನ್‌ನದು 1.14. ಹಾಗಾಗಿ ತೂಕ ಹೆಚ್ಚುತ್ತದೆ, ಅದೂ ಸ್ಪ್ರಿಂಗಿನ ಆಚೆ, ಚಕ್ರದ ಪಕ್ಕದಲ್ಲಿ, ಯಾವ ಬಗ್ಗಿಯೂ ಸಹಿಸದ ಜಾಗದಲ್ಲಿ. ಟ್ರ್ಯಾಕಿನ ಅಂಚಿನ ಪೈಪಿಗೆ ಗುದ್ದಿದಾಗ ನೈಲಾನ್ ಬಾಗಿ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ಒಂದೋ ಬಾಗಿದಲ್ಲೇ ನಿಲ್ಲುತ್ತದೆ, ಇಲ್ಲವೇ ಪೆಟ್ಟನ್ನು ಹಾಗೇ ಹಿಂಜ್ ಪಿನ್ನಿಗೆ, ಅಲ್ಲಿಂದ ಬಲ್ಕ್‌ಹೆಡ್ಡಿಗೆ ದಾಟಿಸುತ್ತದೆ. ಆರ್ಮ್ ಬದಲಿಸಲು ಐದು ನಿಮಿಷ ಸಾಕು. ಬಲ್ಕ್‌ಹೆಡ್ ಒಡೆದರೆ ಆ ದಿನದ ರೇಸ್ ಅಲ್ಲಿಗೇ ಮುಗಿಯಿತು.

ಈ ವಾದ ಇತ್ಯರ್ಥವಾಗಿ ನಲವತ್ತು ವರ್ಷವಾಯಿತು. 1979ರಲ್ಲಿ ಬಂದ ಟಾಮಿಯಾ ಸ್ಯಾಂಡ್ ಸ್ಕಾರ್ಚರ್ ನೋಡಿ. ಎರಕದ ಲೋಹದ ಸಸ್ಪೆನ್ಷನ್, ನೋಡಲು ಬಲು ಚೆಂದ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಐದು ವರ್ಷದ ನಂತರ, 1984ರಲ್ಲಿ, ಕ್ಯಾಲಿಫೋರ್ನಿಯಾದ ಟೀಮ್ ಅಸೋಸಿಯೇಟೆಡ್‌ನ ರೋಜರ್ ಕರ್ಟಿಸ್ ಆರ್‌ಸಿ10 ತಂದರು. ಅದರಲ್ಲೂ ಅಲ್ಯೂಮಿನಿಯಂ ಇತ್ತು, ಆದರೆ ಇರಬೇಕಾದ ಕಡೆ: ಚಿನ್ನದ ಬಣ್ಣದ, ತೊಟ್ಟಿಯಂತೆ ಅಂಚು ಮಡಚಿದ ಷಾಸಿ. ನಾಲ್ಕೂ ಆರ್ಮ್ ಬಿಳಿ ನೈಲಾನ್. ಶಾಕ್‌ಗಳಲ್ಲಿ ಎಣ್ಣೆ. ಬಾಗಬಾರದ್ದು ಲೋಹ, ಬಾಗಬೇಕಾದದ್ದು ನೈಲಾನ್ ಎಂಬ ಈ ಹಂಚಿಕೆಯಲ್ಲಿ ತೂಕವೂ ಇಳಿಯಿತು, ಮುರಿತವೂ ಇಳಿಯಿತು. ಇವತ್ತಿಗೂ ಹೊಸ ಬಗ್ಗಿ ಬಿಚ್ಚುವಾಗ ನಾನು ಮೊದಲು ಹುಡುಕುವುದು ಆ ಹಂಚಿಕೆಯನ್ನೇ.

ಗ್ರಾಂ ಉಳಿಸಬೇಕೆಂದರೆ ತಿರುಗುವ ಭಾಗಗಳಿಗೆ ಕೈ ಹಾಕಿ. ಟಯರಿನ ಅಂಚಿನಲ್ಲಿರುವ ಒಂದು ಗ್ರಾಂ, ವೇಗ ಏರಿಸುವಾಗ, ಷಾಸಿಯ ಮೇಲಿನ ಎರಡು ಗ್ರಾಂಗೆ ಸಮ. ಒಟ್ಟು ತೂಕದ ಗೀಳು ಈಗ ಬೇಕಿಲ್ಲ. 1:10 ಅಳತೆಯ ಫೋರ್ ವೀಲ್ ಡ್ರೈವ್ ಬಗ್ಗಿಗೆ ರೇಸ್ ನಿಯಮದ ಕನಿಷ್ಠ ತೂಕ 1588 ಗ್ರಾಂ. ಆರು ಸೆಲ್ಲಿನ ನಿಕಲ್ ಬ್ಯಾಟರಿ ಹೋಗಿ ಅದರರ್ಧ ತೂಕದ ಶಾರ್ಟಿ ಲಿಪೊ ಬಂದಮೇಲೆ ಎಷ್ಟೋ ಬಗ್ಗಿಗಳಿಗೆ ಹಿತ್ತಾಳೆ ತುಂಡು ಅಂಟಿಸಬೇಕಾಗಿದೆ.

ಮತ್ತೆ ನೈಲಾನ್‌ಗೆ ಬರುತ್ತೇನೆ, ಅದು ಮುರಿಯುತ್ತದೆ ಎಂದು ದೂರುವವರು ಇದ್ದೇ ಇದ್ದಾರಲ್ಲ. ಒಣಗಿದ ನೈಲಾನ್ ಪೆಡಸು, ತೇವ ಹೀರಿದ್ದು ಗಟ್ಟಿ. ಅಚ್ಚಿನಿಂದ ಹೊರಬಂದ ಆರ್ಮ್‌ನಲ್ಲಿ ನೀರಿನಂಶ ಇಲ್ಲವೇ ಇಲ್ಲ ಎನ್ನಬಹುದು. ಮಂಗಳೂರಿನ ಗಾಳಿಯಲ್ಲಿ ಅದು ತಾನಾಗಿ ತೇವ ಹೀರುತ್ತದೆ, ಏಪ್ರಿಲ್‌ನ ಕಲಬುರಗಿಯಲ್ಲಿ ಆ ಭಾಗ್ಯವಿಲ್ಲ. ಆದ್ದರಿಂದ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಹಾಕಿ, ಅದೇ ನೀರಿನಲ್ಲಿ ಆರಲು ಬಿಡಿ. ಹಳೆಯ ಆರ್‌ಸಿ10 ರೇಸರ್‌ಗಳು ಬಟ್ಟೆಯ ಬಣ್ಣ ಬೆರೆಸಿದ ಬಿಸಿನೀರಿನಲ್ಲೇ ಆರ್ಮ್ ಅದ್ದುತ್ತಿದ್ದರು, ಬಣ್ಣದ ಜೊತೆಗೆ ತೇವವೂ ಸಿಗುತ್ತಿತ್ತು. ಕಾರ್ಬನ್ ಬೆರೆಸಿದ ಆರ್ಮ್‌ಗಳಿಗೆ ಇದರಿಂದ ಸಿಗುವ ಲಾಭ ಕಡಿಮೆ.

ತೂಕ ತುಸು ಏರುತ್ತದೆ, ಏರಲಿ. ನೈಲಾನ್ ಊದಿ ಹಿಂಜ್ ಪಿನ್ನಿನ ತೂತು ಬಿಗಿಯಾದರೆ ರೀಮರ್ ಆಡಿಸಿ. ಶಾಕ್ ಕಳಚಿ ಎತ್ತಿ ಬಿಟ್ಟಾಗ ಆರ್ಮ್ ತನ್ನ ಭಾರಕ್ಕೇ ಕೆಳಗೆ ಬೀಳಬೇಕು.