ಸಜ್ಜಾ, ಜಾಲಿ ಮತ್ತು ಹಳೆಯ ಮನೆಯ ಮೋಹ

ಬೆಂಗಳೂರಿನಂಥ ಮಹಾನಗರಗಳಲ್ಲಿ ಇತ್ತೀಚೆಗೆ ಒಂದು ಹೊಸ ಮೋಹ ಕಾಣಿಸಿಕೊಂಡಿದೆ. 1950-60ರ ದಶಕದ ಮನೆಗಳು ದಿಢೀರನೆ ಚೆಂದ ಕಾಣತೊಡಗಿವೆ. ಮಟ್ಟಸವಾದ ತಾರಸಿ, ಉದ್ದನೆಯ ಸಜ್ಜಾ, ಸಿಮೆಂಟಿನ ಜಾಲಿ, ಮೊಸಾಯಿಕ್ ನೆಲ, ಓರೆ ಕಾಲಿನ ಕುರ್ಚಿ. ಇವೆಲ್ಲಕ್ಕೂ ಸೇರಿ ‘ಮಿಡ್ ಸೆಂಚುರಿ ಮಾಡರ್ನ್’ ಎಂದು ಹೆಸರು. ಚಂಡೀಗಢದ ಸರಕಾರಿ ಕಚೇರಿಗಳು ಗುಜರಿಗೆ ಹಾಕಿದ ಪಿಯರ್ ಜಾನ್ನರೆಯ ಕುರ್ಚಿಗಳು ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದವು. ಅದೇ ಕಾಲದ ಮನೆಗಳು ಬಳ್ಳಾರಿಯಲ್ಲೂ ಇವೆ. ಇಲ್ಲಿ ಅವು ಒಂದೊಂದಾಗಿ ಉರುಳುತ್ತಿವೆ.

ಬಳ್ಳಾರಿ ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿದ್ದು 1953ರಲ್ಲಿ. ತುಂಗಭದ್ರಾ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಸಿರುಗುಪ್ಪ ಕಡೆ ಕಾಲುವೆಯ ನೀರು ಹರಿದು ಭತ್ತ ಬೆಳೆಯಿತು. ಭತ್ತ, ಹತ್ತಿಯ ದುಡ್ಡು ಕೈಸೇರಿದವರು ಸಿಮೆಂಟಿನ ಮನೆ ಕಟ್ಟಿಸಿದರು. ಅದಕ್ಕೂ ಹಿಂದಿನದು ಮಣ್ಣಿನ ಮಾಳಿಗೆ: ತೊಲೆ, ಜಂತಿ, ಮೇಲೆ ಸವಳು ಮಣ್ಣು, ನಡುವೆ ಒಂದು ಬೆಳಕಿಂಡಿ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಮಣ್ಣು ಹಾಕಬೇಕು, ಸೋರಿದರೆ ರಾತ್ರಿಯಿಡೀ ಪಾತ್ರೆ ಇಡಬೇಕು. ಇದರಿಂದ ಬೇಸತ್ತವರಿಗೆ ಕಾಂಕ್ರೀಟ್ ತಾರಸಿ ಬಿಡುಗಡೆಯಂತೆ ಕಂಡಿದ್ದರೆ ಅದರಲ್ಲಿ ತಪ್ಪೇನಿದೆ?

ಆದರೆ ಚಿತ್ರ ನೋಡಿ ಮೋಹಗೊಳ್ಳುವವರು ಒಂದು ಸಂಗತಿ ಮರೆಯುತ್ತಾರೆ. ಮಣ್ಣಿನ ಮಾಳಿಗೆ ತಂಪು, ಕಾಂಕ್ರೀಟ್ ತಾರಸಿ ಬಿಸಿ. ಹಗಲಿಡೀ ಕುಡಿದ ಬಿಸಿಲನ್ನು ಅದು ರಾತ್ರಿ ನಮ್ಮ ಮೇಲೆ ಸುರಿಯುತ್ತದೆ. ಮೇ ತಿಂಗಳಲ್ಲಿ ಸಂಜೆ ತಾರಸಿಗೆ ನೀರು ಚಿಮುಕಿಸಿ, ಚಾಪೆ ಹಾಸಿ ಮಲಗಿದ್ದು ನಮಗೆಲ್ಲ ನೆನಪಿದೆ. ಅದನ್ನೂ ಈಗ ‘ಆ ಕಾಲದ ಸೊಗಸು’ ಎನ್ನುವವರಿದ್ದಾರೆ! ಒಳಗೆ ಮಲಗಲಾಗದೆ ಮೇಲೆ ಹೋದವರು ನಾವು.

ಆ ಮನೆಗಳನ್ನು ವಾಸಯೋಗ್ಯವಾಗಿಸಿದ್ದು ಸಜ್ಜಾ, ಎದುರುಬದುರು ಕಿಟಕಿ ಮತ್ತು ಜಾಲಿ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1939ರಲ್ಲಿ, ಜರ್ಮನಿಯಿಂದ ಹೊರಬಿದ್ದ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನಕ್ಕೆ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದ ಅವರು ಆಮೇಲೆ ಬಿಸಿ ಸೀಮೆಯ ವಸತಿಯ ಬಗ್ಗೆಯೇ ಪುಸ್ತಕ ಬರೆದರು. ಅವರ ಆಸಕ್ತಿ ನೆರಳು ಮತ್ತು ಗಾಳಿಯಲ್ಲಿತ್ತು. ಅವರ ಹೆಸರನ್ನೇ ಕೇಳದ ನಮ್ಮ ಮೇಸ್ತ್ರಿಗಳಿಗೂ ಅದು ಗೊತ್ತಿತ್ತು. ಕೌಲ್ ಬಜಾರಿನ ಇಕ್ಕಟ್ಟಿನ ಮನೆಗಳಲ್ಲಿ ಜಾಲಿಗೆ ಇನ್ನೊಂದು ಕೆಲಸವೂ ಇತ್ತು. ಮನೆಯ ಹೆಣ್ಣುಮಕ್ಕಳಿಗೆ ಬೀದಿ ಕಾಣುತ್ತಿತ್ತು, ಬೀದಿಗೆ ಅವರು ಕಾಣುತ್ತಿರಲಿಲ್ಲ, ಗಾಳಿ ಮಾತ್ರ ಯಾರನ್ನೂ ಕೇಳದೆ ಬರುತ್ತಿತ್ತು. ಕುರುಗೋಡಿನಲ್ಲಿ ನಾವು ನೋಡಿದ ಮನೆಯೊಂದಕ್ಕೆ ಗುಡ್ಡದ ಕಲ್ಲಿನ ದಪ್ಪ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ. ಶೈಲಿಯ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಗಲಾರದು. ನಮಗೆ ಅದೇ ಎಲ್ಲಕ್ಕಿಂತ ಒಳ್ಳೆಯ ಮನೆಯೆನಿಸಿತು.

ಹೀಗಿದ್ದೂ ಕೆಡವುವುದೇಕೆ? ‘ಅಭಿರುಚಿ ಇಲ್ಲದ ಜನ’ ಎಂದು ಬೈಯುವುದು ಸುಲಭ. ಆದರೆ ತಂದೆ ತೀರಿದ ಮೇಲೆ ಒಂದೇ ಮನೆಯಲ್ಲಿ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳ ಹಕ್ಕಿರುತ್ತದೆ. ಹೆಣ್ಣುಮಕ್ಕಳ ಪಾಲು ಸಲ್ಲಲೇಬೇಕು. ಪಡಸಾಲೆಯನ್ನು ಐದು ತುಂಡು ಮಾಡಲಾದೀತೆ? ಮನೆ ಮಾರುತ್ತಾರೆ, ಕೊಂಡವರು ಕೆಡವುತ್ತಾರೆ. ಅದರಲ್ಲಿ ನಾವು ದೋಷ ಕಾಣೆವು.

ನಮ್ಮ ತಕರಾರು ಆಮೇಲೆ ಏಳುವ ಕಟ್ಟಡದ ಬಗ್ಗೆ. ಅದಿರಿನ ದುಡ್ಡು ಹರಿದ ವರ್ಷಗಳಿಂದೀಚೆಗೆ ಈ ಊರಿಗೆ ಗಾಜಿನ ಹುಚ್ಚು ಹಿಡಿದಿದೆ. ನಲವತ್ತು ಡಿಗ್ರಿ ಬಿಸಿಲಿಗೆ ಎದುರಾಗಿ ಗಾಜಿನ ಗೋಡೆ, ಒಳಗೆ ಎಸಿ. ಎಸಿಯ ಬಿಲ್ಲು ಕಟ್ಟಬಲ್ಲ ಮಾಲೀಕ ಕೆಳಗಿರುತ್ತಾನೆ. ತಾರಸಿಯ ಕೆಳಗಿನ ಕೋಣೆಯಲ್ಲಿ ಬಾಡಿಗೆಯವನ ಮಕ್ಕಳು ಬೇಯುತ್ತವೆ.

ಎರಡಡಿ ಸಜ್ಜಾ ಬಿಡಲು ಎಷ್ಟು ಖರ್ಚಾದೀತು ಎಂದು ಮೇಸ್ತ್ರಿಯೊಬ್ಬರನ್ನು ಕೇಳಿದೆವು. ‘ಖರ್ಚಿನ ಮಾತಲ್ಲರೀ ಸಾಹೇಬ್ರ,’ ಎಂದರು ಅವರು, ‘ಸಜ್ಜಾ ಬಿಟ್ಟರ ಮುಂದಿನ ಗ್ಲಾಸು ಕಾಣಂಗಿಲ್ಲ.’